ಕಮಾನು ಉಳಿದ ಭಾನುವಾರ

ಯಾರೋ ನನ್ನ ಫ್ರಿಜ್ಜನ್ನು ಹೊತ್ತುಕೊಂಡು ಹೋಗುತ್ತಿದ್ದರು. ವಿಜಯಪುರದ ಈ ಓಣಿಗೆ ಬಂದ ದಿನದ್ದೆಂದು ನನಗೆ ಎಲ್ಲಕ್ಕಿಂತ ಸ್ಪಷ್ಟವಾಗಿ ನೆನಪಿರುವುದು ಅದೇ. ಮೇ ತಿಂಗಳ ಬಿಸಿಲು. ಸೊಲ್ಲಾಪುರ ರಸ್ತೆಯಲ್ಲಿ ಹಿಡಿದ ಸಾಮಾನಿನ ಗಾಡಿ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಬಾಯಿಗೆ ಬಂದು ನಿಂತುಬಿಟ್ಟಿತ್ತು. ಎದುರಿಗೆ ಕಪ್ಪು ಕಲ್ಲಿನ ಹಳೆಯ ಕಮಾನು. ಆಟೋ ಕೂಡ ಮೈ ತಿಕ್ಕಿಕೊಂಡೇ ನುಸುಳಬೇಕು.

"ಇದರಾಗ ಗಾಡಿ ಹೋಗಂಗಿಲ್ರಿ ಅಕ್ಕಾರ" ಎಂದ ಡ್ರೈವರ್, ನಾನು ಬಾಯಿ ತೆರೆಯುವ ಮೊದಲೇ ಸಾಮಾನು ರಸ್ತೆಗಿಳಿಸಿ ಹೊರಟುಹೋದ.

ಆಗ ಮನೆಗಳಿಂದ ಜನ ಬಂದರು. ಒಬ್ಬರೂ ನನ್ನ ಹೆಸರು ಕೇಳಲಿಲ್ಲ, ತಮ್ಮದನ್ನೂ ಹೇಳಲಿಲ್ಲ. ಒಬ್ಬ ಹಾಸಿಗೆ ಎತ್ತಿಕೊಂಡ, ಇಬ್ಬರು ಫ್ರಿಜ್ಜಿಗೆ ಹಗ್ಗ ಬಿಗಿದರು, ದಪ್ಪ ಕುಂಕುಮದ ಹೆಂಗಸೊಬ್ಬರು ನನ್ನ ಪಾತ್ರೆಗಳ ಮೂಟೆಯನ್ನು ತಲೆಯ ಮೇಲಿಟ್ಟುಕೊಂಡು ಕಮಾನಿನೊಳಗೆ ಮರೆಯಾದರು. ನಾನು ನನ್ನ ಕೈಚೀಲವನ್ನು ಎದೆಗೆ ಒತ್ತಿಕೊಂಡು ಹಿಂದೆ ಹಿಂದೆ ಓಡಿದೆ. ದೋಚುತ್ತಿದ್ದಾರೆ ಎಂದೇ ತಿಳಿದಿದ್ದೆ. ಬಾಡಿಗೆ ಮನೆಯ ಮೆಟ್ಟಿಲ ಬಳಿ ಎಲ್ಲ ಸಾಮಾನೂ ಒಪ್ಪವಾಗಿ ಜೋಡಿಸಿಟ್ಟದ್ದು ಕಂಡ ಮೇಲೂ ಒಂದೊಂದನ್ನೇ ಎಣಿಸಿಕೊಂಡೆ.

ನಮ್ಮ ಕೊಳ್ಳೇಗಾಲದ ಕಡೆ ಹೊಸಬರು ಬಂದರೆ ಮೊದಲು ಕಿಟಕಿಯಿಂದ ನೋಡುತ್ತೇವೆ. ಆಮೇಲೆ ಯಾರ ಕಡೆಯವರು, ಏನು ಎತ್ತ ಎಂದು ವಿಚಾರಿಸುತ್ತೇವೆ. ಸಹಾಯ ಮಾಡುವುದಿಲ್ಲವೆಂದಲ್ಲ, ಕೇಳಿ ಮಾಡುತ್ತೇವೆ. ಇಲ್ಲಿ ಮೊದಲು ಹೊರೆ ಹೊರುತ್ತಾರೆ, ವಿಚಾರಣೆ ಆಮೇಲೆ. ಅದೂ ಬಿಡುವುದಿಲ್ಲ.

"ಒಬ್ಬಾಕೀನ ಇರ್ತೀಯೇನ? ಲಗ್ನ ಆಗಿಲ್ಲೇನ? ಊಟಕ್ಕ ಏನ ಮಾಡ್ತಿ?" ಪಾತ್ರೆಯ ಮೂಟೆ ಹೊತ್ತು ತಂದ ಹೆಂಗಸು ಮೆಟ್ಟಿಲ ಮೇಲೆ ಕುಳಿತು ಕೇಳಿದರು. ಅವರೇ ಗಂಗವ್ವ, ಎದುರು ಮನೆಯವರು.

ನಾನು ಬಂದ ಕಾರಣವನ್ನೂ ಹೇಳಬೇಕು. ಊರಿನಲ್ಲಿ ನಾನು ಕೆಲಸ ಮಾಡುತ್ತಿದ್ದ ನರ್ಸಿಂಗ್ ಹೋಂ ಮುಚ್ಚಿಹೋಯಿತು. ತರಬೇತಿಯಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿದ್ದಳು, ಕರೆದಳು. ನಾನು ಬಂದು ಸೇರುವಷ್ಟರಲ್ಲಿ ಅವಳು ಮದುವೆಯಾಗಿ ಪುಣೆಗೆ ಹೋಗಿಬಿಟ್ಟಳು. ಗೊತ್ತಿರುವ ಒಂದು ಮುಖವೂ ಇಲ್ಲದ ಊರಿನಲ್ಲಿ ಉಳಿದೆ. ಒಂಟಿ ಹೆಂಗಸೆಂದು ಮನೆ ಕೊಡಲು ಹಿಂಜರಿದವರೇ ಹೆಚ್ಚು. ಕೊನೆಗೆ ಮಹಡಿಯ ಎರಡು ಕೋಣೆ ಕೊಟ್ಟವರು ನಿವೃತ್ತ ಶಾಲಾ ಮಾಸ್ತರರು. ಓಣಿಯ ಜನರೆಲ್ಲ ಅವರನ್ನು ಬರೀ ಮಾಸ್ತರ ಎನ್ನುತ್ತಾರೆ. ಅವರು ಓಣಿಯ ನಿವಾಸಿಗಳ ಮತ್ತು ಸಂರಕ್ಷಣಾ ಸಂಘದ ಕಾರ್ಯದರ್ಶಿ ಎಂಬುದು ಆಮೇಲೆ ತಿಳಿಯಿತು. ಅವರು ಸಂರಕ್ಷಿಸುತ್ತಿದ್ದುದು ಮುಖ್ಯವಾಗಿ ಆ ಕಮಾನನ್ನು.

ಕನ್ನಡವೇ ಆಡುವ ಊರಿನಲ್ಲಿ ಕನ್ನಡ ಕಲಿಯಬೇಕಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ವಾರ್ಡಿನಲ್ಲಿ ಮುದುಕಿಯೊಬ್ಬಳು "ಬ್ಯಾನಿ, ಬ್ಯಾನಿ" ಎಂದು ಅಳುತ್ತಿದ್ದರೆ ನಾನು ಯಾರನ್ನೋ ಕರೆಯುತ್ತಿದ್ದಾಳೆಂದು ಬಾಗಿಲ ಕಡೆ ನೋಡಿದೆ. ಬ್ಯಾನಿ ಎಂದರೆ ನೋವು. ಆರಾಮ ಇಲ್ಲ ಎಂದರೆ ಬಿಡುವಿಲ್ಲವೆಂದಲ್ಲ, ಕಾಯಿಲೆ ಎಂದು. ಸಾಲಿ ಎಂದರೆ ಶಾಲೆ. ಇವನ್ನೆಲ್ಲ ನನಗೆ ಹೇಳಿಕೊಟ್ಟವರು ಗಂಗವ್ವ. ನಾನು "ಗಂಗಮ್ಮನವರೇ" ಎಂದು ಕರೆದರೆ ಅವರು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. "ಹಂಗ ಕರದ್ರ ಯಾರೋ ಸಾಹೇಬರ ಹೆಂಡ್ತಿ ಬಂದಂಗ ಆಗತೈತಿ. ಚಿಗವ್ವಾ ಅನ್ನು." ಚಿಗವ್ವ ಎಂದರೆ ಚಿಕ್ಕಮ್ಮ.

ಚಿಗವ್ವನ ಗಂಡ ಸಂಗಪ್ಪನವರಿಗೆ ಗಾಂಧಿ ಚೌಕದ ಒಂದು ಸಂದಿಯಲ್ಲಿ ದನಕರುಗಳಿಗೆ ಬೇಕಾದ ಹಗ್ಗ, ಮೂಗುದಾರ, ಗೆಜ್ಜೆ ಮಾರುವ ಅಂಗಡಿ. ಟಿಕೋಟಾದಾಚೆಯ ಹಳ್ಳಿಯಲ್ಲಿ ಕುರಿ ಕಾಯುತ್ತ ಬೆಳೆದವರು, ಹರೆಯದಲ್ಲಿ ನಗರಕ್ಕೆ ಬಂದು ನಿಂತವರು. ನನ್ನನ್ನು ಕಂಡರೆ ಅವರದ್ದು ಒಂದೇ ಪ್ರಶ್ನೆ: "ನಿಮ್ಮ ಕಾವೇರಿ ಹೊಳಿ ಬ್ಯಾಸಗ್ಯಾಗೂ ಹರೀತೈತೇನವಾ?" ಒಬ್ಬಳೇ ಮಗಳು ಸುಜಾತಾಳನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಅಲ್ಲಿ ಅವಳ ಗಂಡನ ಮನೆಯವರಿಗೆ ದ್ರಾಕ್ಷಿ ತೋಟ. ಅವಳು ದಿನವೂ ಫೋನ್ ಮಾಡಿ ಅಪ್ಪನ ಬಿ.ಪಿ. ಮಾತ್ರೆಯ ವಿಷಯಕ್ಕೆ ಅವ್ವನನ್ನು ಗದರುತ್ತಿದ್ದಳು.

ಒಂದು ದಿನ ಊರಿನಿಂದ ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ ಅವರ ಮನೆಗೆ ಒಯ್ದೆ. ಸಂಗಪ್ಪನವರು ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ಅಗೀಬೇಕೇನ, ನುಂಗಬೇಕೇನ?" ನುಂಗಬೇಕು ಎಂದೆ. "ಹಲ್ಲು ಇದ್ದವ್ರೂ?" ಎಂದರು. ಅವತ್ತು ನಕ್ಕಷ್ಟು ನಾನು ಈ ಊರಿನಲ್ಲಿ ಮತ್ತೆಂದೂ ನಕ್ಕಿಲ್ಲ.

ಅವರು ತೀರಿಕೊಂಡದ್ದು ಹೋದ ಬೇಸಿಗೆಯಲ್ಲಿ, ಒಂದು ಮಧ್ಯಾಹ್ನ. ಬೆಳಗಿನ ಪಾಳಿ ಮುಗಿಸಿ ನಾನು ಆಗಷ್ಟೇ ಮನೆಗೆ ಬಂದಿದ್ದೆ. ಓಣಿಯೆಲ್ಲ ಬಾಗಿಲು ಹಾಕಿಕೊಂಡು ಮಲಗಿತ್ತು. ಕೆಳಗಿನಿಂದ "ಸಿಸ್ಟರ್, ಯವ್ವಾ, ಲಗೂನ ಬಾ" ಎಂದು ಚಿಗವ್ವನ ಕೂಗು. ಹೋಗಿ ನೋಡಿದರೆ ಸಂಗಪ್ಪನವರು ಗೋಡೆಗೆ ಒರಗಿದ್ದರು. ಅಂಗಿ ನೀರಿನಲ್ಲಿ ಅದ್ದಿದಂತೆ ಬೆವತಿತ್ತು, ಮುಖ ಬೂದಿಯ ಬಣ್ಣ. ಆಂಬುಲೆನ್ಸಿಗೆ ಫೋನ್ ಮಾಡಿ, ಮಾತ್ರೆಯೊಂದನ್ನು ಬಾಯಿಗೆ ಹಾಕುವಷ್ಟರಲ್ಲಿ ಅವರು ಪಕ್ಕಕ್ಕೆ ವಾಲಿದರು. ಉಸಿರು ನಿಂತಿತು. ನೆಲಕ್ಕೆ ಮಲಗಿಸಿ ಎದೆ ಒತ್ತತೊಡಗಿದೆ. ಒತ್ತುತ್ತಲೇ ಇದ್ದೆ.

ಆಂಬುಲೆನ್ಸ್ ತಡಮಾಡದೆ ಬಂತು. ಆದರೆ ಕಮಾನಿನ ಹೊರಗೆ ನಿಂತಿತು. ಅದರ ಹುಡುಗರು ಸ್ಟ್ರೆಚರ್ ಹಿಡಿದು ಓಡಿಬಂದರು. ಓಣಿಯಲ್ಲಿ ನಿಲ್ಲಿಸಿದ್ದ ಬೈಕುಗಳನ್ನು ಸರಿಸಬೇಕಾಯಿತು, ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತು, ಎದ್ದು ಬಂದ ಜನ ಕೂಗಾಡಿದರು. ಎಲ್ಲರೂ ನೋಡಿದ್ದು ಅದನ್ನು. ಅದಕ್ಕೂ ಮುಂಚೆ ಮನೆಯೊಳಗೆ ಏನಾಗಿತ್ತು ಎಂಬುದನ್ನು ನೋಡಿದವರು ನಾನು, ಚಿಗವ್ವ ಇಬ್ಬರೇ.

ಗಾಡಿಯೊಳಗೆ ನಾನು ಎದೆ ಒತ್ತುತ್ತಿದ್ದಾಗ ಚಿಗವ್ವ ನನ್ನ ಕಿವಿಯ ಹತ್ತಿರ ಬಾಗಿ ಹೇಳಿದರು. "ಮುಂಜಾನಿಂದ ಎದಿ ಹಿಡದೈತಿ ಅಂತಿದ್ರವಾ. ನಾ ಗ್ಯಾಸ ಅಂತ ತಿಳದೆ. ಅಜವಾನ ನೀರು ಕೊಟ್ಟೆ. ಮಲಕೋರಿ, ಕಮ್ಮಿ ಆಗತೈತಿ ಅಂದೆ. ಸುಜಾತಾಗ ಫೋನ್ ಮಾಡ್ತೇನಿ ಅಂದ್ರು, ಸುಮ್ಮ ಅಕೀಗ್ಯಾಕ ತ್ರಾಸ ಅಂತ ನಾನ ಬ್ಯಾಡಂದೆ."

ಆಸ್ಪತ್ರೆಯಲ್ಲಿ ವೈದ್ಯರು ನೋಡಿ ತಲೆ ಅಲ್ಲಾಡಿಸಿದರು.

ಸುಜಾತಾ ಬಬಲೇಶ್ವರದಿಂದ ಬಂದಾಗ ಕಮಾನಿನ ಬಳಿ ನೆರೆದಿದ್ದವರು ಅವಳಿಗೆ ತಾವು ನೋಡಿದ್ದನ್ನು ಹೇಳಿದರು: ಗಾಡಿ ಒಳಗೆ ಬರಲಿಲ್ಲ, ಸ್ಟ್ರೆಚರ್ ಸಿಕ್ಕಿಕೊಂಡಿತು. ಅವಳು ಅಲ್ಲೇ ಕಲ್ಲಿಗೆ ಕೈಯಿಂದ ಹೊಡೆಯುತ್ತ ಅತ್ತಳು. "ನಮ್ಮಪ್ಪನ್ನ ಇದ ತಿಂತು. ಇದ ತಿಂತು." ಕೈಯಿಂದ ರಕ್ತ ಬಂತು. ಚಿಗವ್ವ ಅವಳನ್ನು ಹಿಡಿದುಕೊಂಡು ನಿಂತಿದ್ದರು, ಒಂದು ಮಾತೂ ಆಡಲಿಲ್ಲ.

ಅಲ್ಲಿಂದ ಓಣಿ ಎರಡಾಯಿತು. ಕಮಾನು ಸರ್ಕಾರದ ರಕ್ಷಿತ ಸ್ಮಾರಕಗಳ ಪೈಕಿ ಸೇರಿಲ್ಲ. ನಿವಾಸಿಗಳು ಒಪ್ಪಿದರೆ ಕೆಡವಿ ದಾರಿ ಅಗಲ ಮಾಡಬಹುದು ಎಂಬ ಮಾತು ಮೊದಲಿನಿಂದಲೂ ಇತ್ತು. ಈಗ ಅದನ್ನು ಸಂಘದ ವಾರ್ಷಿಕ ಸಭೆಯಲ್ಲಿ ಇತ್ಯರ್ಥ ಮಾಡಬೇಕು ಎಂದು ಈರಣ್ಣ ಪಟ್ಟು ಹಿಡಿದರು. ಹಾರ್ಡ್‌ವೇರ್ ಅಂಗಡಿಯ ಈರಣ್ಣ ಕೆಟ್ಟವರಲ್ಲ. ಅವರ ತಾಯಿ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಅವರ ಭಯ ನಿಜವಾದದ್ದು.

ಒಂದು ಸಂಜೆ ಅವರು ನನ್ನನ್ನು ಅಂಗಡಿಯ ಮುಂದೆ ತಡೆದು ನಿಲ್ಲಿಸಿದರು. "ಗಾಡಿ ಮನಿ ಮುಂದ ಬಂದಿದ್ರ ಸಂಗಪ್ಪಣ್ಣ ಉಳೀತಿದ್ರು ಅಂತ ಸಭಾದಾಗ ಒಂದ ಮಾತು ಹೇಳ್ರಿ ಸಿಸ್ಟರ್. ಅಷ್ಟ ಸಾಕು. ನಾಳೆ ನಮ್ಮವ್ವಗ ಹಿಂಗಾದ್ರ?"

ಮಾಸ್ತರರು ಮಾರನೆಯ ದಿನವೇ ಮಹಡಿ ಹತ್ತಿ ಬಂದರು. "ಕಂಡದ್ದನ್ನ ಕಂಡಂಗ ಹೇಳ್ರಿ. ಗಾಡಿ ಬರೂಕಿಂತ ಮೊದಲ ಹೋಗಿದ್ರು ಅಂತ ನನಗ ಅನಸತೈತಿ. ಹೌದಲ್ಲ?" ನಾನು ಚಹಾಕ್ಕೆ ನೀರಿಟ್ಟೆ. ಅವರು ಇಳಿಯುವಾಗ ನಿಂತು, ಈ ಮನೆಯಲ್ಲಿ ನಾನು ಎಷ್ಟು ದಿನ ಬೇಕಾದರೂ ಇರಬಹುದು ಎಂದರು. ಮನೆಯ ಮಾತು ಆಗ ಯಾಕೆ ಬಂತೆಂದು ಬಹಳ ಹೊತ್ತು ಯೋಚಿಸಿದೆ.

ಸಭೆಯ ಹಿಂದಿನ ದಿನ ಚಿಗವ್ವ ಬಂದರು. ನಾನು ಬಟ್ಟೆ ಒಣಗಿಸುತ್ತಿದ್ದೆ. ಅವರೂ ಬಕೆಟ್ಟಿನಿಂದ ಒಂದೊಂದೇ ಬಟ್ಟೆ ತೆಗೆದು ಜಾಡಿಸಿ ಕೊಡತೊಡಗಿದರು.

"ನಾಳೆ ನಿನ್ನ ಕೇಳ್ತಾರಂತ."

"ಹೌದಂತೆ."

"ಏನ ಹೇಳ್ತಿ?"

"ನೋಡಿದ್ದನ್ನಷ್ಟೇ."

"ಗಾಡ್ಯಾಗ ನಾ ಹೇಳಿದ್ದು?"

"ಅದು ನನ್ನಲ್ಲೇ ಇರುತ್ತೆ ಚಿಗವ್ವಾ. ಯಾರು ಕೇಳಿದರೂ ಹೇಳಲ್ಲ."

ಅವರು ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತರು. "ಸುಜಾತಾ ಆ ಕಮಾನಿನ ಮ್ಯಾಲ ಸಿಟ್ಟ ಮಾಡ್ಕೊಂಡಾಳ. ಮಾಡ್ಕೊಳ್ಳಿ ಬಿಡು. ಕಲ್ಲಿಗೇನು ಬ್ಯಾನಿ ಆಗತೈತೇನ?"

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಮಾನು ಎಷ್ಟು ಹಳೆಯದೆಂದು ನನಗೆ ಗೊತ್ತಿಲ್ಲ, ಅದು ಬಿದ್ದರೆ ನನ್ನ ಜೀವಕ್ಕೇನೂ ಆಗುವುದಿಲ್ಲ. ಒಂದು ಸುಳ್ಳಿನಿಂದ ಒಬ್ಬ ತಾಯಿಗೆ ಮಗಳು ಉಳಿಯುವುದಾದರೆ ಹೇಳಿಬಿಡಲೇ ಎಂದೂ ಅನ್ನಿಸಿತು. ಆದರೆ ಆ ಮನೆಯ ನೆಲದ ಮೇಲೆ ನನ್ನ ಅಂಗೈ ಕೆಳಗೆ ನಿಂತುಹೋದ ಎದೆ ನನಗೆ ಗೊತ್ತಿತ್ತು.

ಸಭೆ ಸೇರಿದ್ದು ಓಣಿಯ ತುದಿಯ ಸಾಲಿಯಲ್ಲಿ, ಭಾನುವಾರ ಬೆಳಿಗ್ಗೆ. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಿಸಿಕೊಂಡು ಕುಳಿತಿದ್ದರು. ಹೆಂಗಸರು ಕಿಟಕಿಯ ಕಡೆ. ಸುಜಾತಾ ಮುಂದಿನ ಸಾಲಿನಲ್ಲಿ, ಅವಳ ಪಕ್ಕದಲ್ಲಿ ಚಿಗವ್ವ. ಮಾಸ್ತರರು ಹೋದ ವರ್ಷದ ವರದಿ ಓದಿದರು: ಬೀದಿ ದೀಪ, ಚರಂಡಿ, ಬೇವಿನ ಗಿಡಗಳಿಗೆ ಹಾಕಿದ ಬೇಲಿ. ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಚಹಾದ ಲೋಟಗಳು ಹಾಗೆಯೇ ಆರುತ್ತಿದ್ದವು.

ಕಮಾನಿನ ವಿಷಯ ಬಂದೊಡನೆ ಬೆಂಚುಗಳು ಕಿರುಗುಟ್ಟಿದವು. ಈರಣ್ಣ ಎದ್ದು ನಿಂತರು. "ಸಿಸ್ಟರ್ ಹೇಳ್ಲಿ. ಅವರ ಆವತ್ತ ಅಲ್ಲಿ ಇದ್ದವ್ರು."

ಹಿಂದಿನಿಂದ ಒಬ್ಬರು, "ಬಾಡಗಿ ಇದ್ದವರಿಗೆ ಸಂಘದಾಗ ಏನ ಕೆಲಸರಿ? ಬ್ಯಾರೆ ಕಡೇವ್ರು, ಇವತ್ತ ಇರ್ತಾರ, ನಾಳೆ ಹೋಗ್ತಾರ" ಎಂದರು.

"ಸಾಯೂ ಮುಂದ ನಮ್ಮಪ್ಪನ ಎದಿ ಒತ್ತಿದಾಕಿ ಅಕಿ" ಎಂದಳು ಸುಜಾತಾ, ತಿರುಗಿಯೂ ನೋಡದೆ. "ಅಕಿ ಮಾತಾಡ್ಲಿ."

ನಾನು ಎದ್ದೆ. ನಮ್ಮ ಕಡೆಯ ಕನ್ನಡವೇ ಬಾಯಿಗೆ ಬಂತು. ಆಂಬುಲೆನ್ಸ್ ಕಮಾನಿನ ಹತ್ತಿರ ಬರುವುದಕ್ಕೆ ಮುಂಚೆಯೇ ಅವರ ಉಸಿರು ನಿಂತಿತ್ತು, ಗಾಡಿ ಬಾಗಿಲಿಗೇ ಬಂದಿದ್ದರೂ ಅವರು ಉಳಿಯುತ್ತಿದ್ದರು ಎಂದು ಹೇಳಲು ನನ್ನಿಂದ ಆಗುವುದಿಲ್ಲ ಎಂದೆ. ಅಷ್ಟು ಹೇಳಿ ಕುಳಿತುಕೊಳ್ಳಬೇಕೆಂದಿದ್ದೆ.

ಸುಜಾತಾ ಎದ್ದು ನನ್ನ ಕಡೆ ತಿರುಗಿದಳು. ಮುಖ ಸುಣ್ಣದಂತಾಗಿತ್ತು. ಈರಣ್ಣ ಬಿಡಲಿಲ್ಲ. "ಅಂದ್ರ ತಡಾ ಆಗಿದ್ದು ಎಲ್ರಿ? ಎದಿ ಬ್ಯಾನಿ ಚಾಲೂ ಆಗಿದ್ದು ಯಾವಾಗ? ಅದನ್ನರ ಹೇಳ್ರಿ."

ನಾನು ಚಿಗವ್ವನ ಕಡೆ ನೋಡಿದೆ.

"ಅದನ್ನು ನಾನು ಹೇಳುವುದಿಲ್ಲ" ಎಂದೆ. "ಅದು ಮನೆಯವರ ವಿಷಯ."

ಆದರೆ ಆಗಲೇ ಸುಜಾತಾ ನನ್ನ ಕಣ್ಣು ಹೋದ ಕಡೆ ತಿರುಗಿದ್ದಳು. "ಅವ್ವಾ, ಯಾವಾಗ?"

ಚಿಗವ್ವ ನೆಲ ನೋಡುತ್ತಿದ್ದರು.

"ಅವ್ವಾ, ಕೇಳಾಕತ್ತೇನಿ. ಅಪ್ಪಗ ಯಾವಾಗ ಬ್ಯಾನಿ ಆತು?"

ಚಿಗವ್ವ ಸೆರಗು ಸರಿಪಡಿಸಿಕೊಂಡು ಎದ್ದರು. "ಮುಂಜಾನಿ" ಎಂದರು. ಗಟ್ಟಿಯಾಗಿಯೇ ಅಂದರು, ಕೊನೆಯ ಬೆಂಚಿಗೂ ಕೇಳಿಸುವಂತೆ. "ಮುಂಜಾನಿ ಆತು. ನಾನ ಮಲಗಿಸಿದೆ. ನಿನಗ ಫೋನ್ ಮಾಡ್ತೇನಿ ಅಂದ್ರು, ಬ್ಯಾಡಂದೆ." ಆಮೇಲೆ ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದರು. ಯಾರೂ ತಡೆಯಲಿಲ್ಲ. ಸುಜಾತಾ ನಿಂತಲ್ಲಿಂದ ಕದಲಲಿಲ್ಲ.

ಈರಣ್ಣ ಮೆಲ್ಲಗೆ ಬೆಂಚಿನ ಮೇಲೆ ಕುಳಿತು, "ಈ ವಿಷಯ ಇವತ್ತ ಬ್ಯಾಡ್ರಿ ಮಾಸ್ತರ" ಎಂದರು.

"ವಿಷಯ ಬಂದೈತಿ, ಮುಗಿಸಬೇಕಲ್ರಿ" ಎಂದರು ಮಾಸ್ತರರು. ಅವರ ದನಿ ಸಣ್ಣಗಿತ್ತು, ಆದರೂ ಬಿಡಲಿಲ್ಲ. ಕೈ ಎತ್ತಿಸಿದರು. ಕಮಾನು ಉಳಿಯಿತು. ಓಣಿಯಲ್ಲಿ ಇನ್ನು ಮೇಲೆ ಬೈಕು ನಿಲ್ಲಿಸಬಾರದು, ಸಂಘದಿಂದಲೇ ಒಂದು ಸ್ಟ್ರೆಚರ್ ತಂದು ಸಾಲಿಯಲ್ಲಿ ಇಡಬೇಕು ಎಂದೂ ತೀರ್ಮಾನವಾಯಿತು. ಅದನ್ನು ಹೇಳಿದವರು ಈರಣ್ಣನೇ. ಮುಂದಿನ ವರ್ಷದ ಸಮಿತಿಗೆ ನನ್ನ ಹೆಸರನ್ನು ಸೇರಿಸಬೇಕೆಂದವರೂ ಅವರೇ. ಬಾಡಿಗೆಯವಳು ಎಂಬ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ.

ಅಂದಿನಿಂದ ಓಣಿಯಲ್ಲಿ ಎಲ್ಲರೂ ನನ್ನನ್ನು ಮಾತಾಡಿಸುತ್ತಾರೆ. ನೀರು ಬಿಟ್ಟಾಗ ಮೊದಲು ನನ್ನ ಬಾಗಿಲು ತಟ್ಟಿ ಹೇಳುತ್ತಾರೆ. ಹಬ್ಬಕ್ಕೆ ಹೋಳಿಗೆ ಬರುತ್ತದೆ. ಒಂದು ಊರಿಗೆ ಸೇರಬೇಕೆಂದು ನಾನು ಹಂಬಲಿಸಿದ್ದು ಹೀಗೆಯೇ. ಆದರೆ ಚಿಗವ್ವನ ಮನೆಗೆ ಬೀಗ ಬಿದ್ದಿದೆ. ಸಭೆಯ ಮಾರನೆಯ ದಿನವೇ ಸುಜಾತಾ ಅವ್ವನನ್ನು ಬಬಲೇಶ್ವರಕ್ಕೆ ಕರೆದುಕೊಂಡು ಹೋದಳು. ಹೋಗುವಾಗ ಇಬ್ಬರೂ ಮೇಲಕ್ಕೆ ನೋಡಲಿಲ್ಲ.

ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಧೈರ್ಯ ಮಾಡಿ ಬಬಲೇಶ್ವರದ ಬಸ್ಸು ಹತ್ತಿದೆ. ಸುಜಾತಾಳ ಮನೆಯ ಹಿಂದೆ ಒಣದ್ರಾಕ್ಷಿಯ ಚಪ್ಪರಗಳು. ಹಸಿರು ಬಲೆಯ ನೆರಳಿನಲ್ಲಿ ಹೆಂಗಸರು ಹಣ್ಣು ಹರವುತ್ತಿದ್ದರು. ಅವರ ನಡುವೆ ಚಿಗವ್ವನೂ ಇದ್ದರು, ಸೊರಗಿದ್ದರು. ಸುಜಾತಾ ನನ್ನನ್ನು ನೋಡಿ, ನೀರು ತಂದಿಟ್ಟು ಒಳಗೆ ಹೋದಳು.

"ಮಾತಾಡ್ತಾಳಾ ನಿಮ್ಮ ಜೊತೆ?" ಎಂದು ಕೇಳಿದೆ.

"ಮೊದಲ ಬರೇ ಊಟಾ ಮಾಡು ಅಂತಿದ್ಲು. ಈಗ ಎರಡ ಮಾತು ಹೆಚ್ಚಿಗಿ ಆಡ್ತಾಳ." ಚಿಗವ್ವ ಹರವಿದ ಹಣ್ಣಿನ ಮೇಲೆ ಕೈಯಾಡಿಸುತ್ತಲೇ ಇದ್ದರು. "ಮೊನ್ನೆ ಅವರಪ್ಪನ ಸುದ್ದಿ ತಗದು ಇಬ್ರೂ ಅತ್ವಿ."

ನಾನು ಮಾತು ಉಳಿಸಿಕೊಂಡಿದ್ದೆ, ನಾನಾಗಿ ಏನನ್ನೂ ಹೇಳಲಿಲ್ಲ ಎಂದೆ. ಯಾಕೆ ಹಾಗೆ ಹೇಳಿದೆನೋ.

"ನೀ ಹೇಳಲಿಲ್ಲ, ಖರೆ" ಎಂದರು. "ಸುಳ್ಳು ಹೇಳಬೇಕಿತ್ತು ಅಂತ ನಾನೂ ಅನ್ನಂಗಿಲ್ಲ. ಆದ್ರ ನೀ ನನ್ನ ಕಡೆ ನೋಡಬಾರದಾಗಿತ್ತು ಮಂಜುಳಾ."

ನನ್ನ ಹೆಸರು ಹಿಡಿದು ಅವರು ಕರೆದದ್ದು ಅದೇ ಮೊದಲು. ನಮ್ಮಲ್ಲಿ ತುಂಬಿದ ಸಭೆಯಲ್ಲಿ ಬಾಯಿ ಬಿಡಲಾಗದಾಗ ಹಿರಿಯರ ಮುಖ ನೋಡುತ್ತೇವೆ. ಹೇಳಲೇ ಬೇಡವೇ ಎಂದು ಕಣ್ಣಿನಲ್ಲೇ ಕೇಳುತ್ತೇವೆ. ಅಂದು ನಾನು ನೋಡಿದ್ದು ಅವರ ಅಪ್ಪಣೆಗೆ. ಅಲ್ಲಿದ್ದವರಿಗೆ ಅದು ಬೆರಳು ಮಾಡಿ ತೋರಿಸಿದಂತೆ ಕಂಡಿತ್ತು. ಇದನ್ನು ಅವರಿಗೆ ಹೇಗೆ ಬಿಡಿಸಿ ಹೇಳುವುದೆಂದು ನನಗೆ ತಿಳಿಯಲಿಲ್ಲ. ಅವರ ಎದುರು ಕುಳಿತು ನಾನೂ ಹಣ್ಣು ಹರವಿದೆ. ಹೊರಡುವಾಗ, "ಬಸ್ಸು ಹೋದೀತು, ನಡಿ" ಎಂದಷ್ಟೇ ಅಂದರು.

ಸಂಜೆಯ ಬಸ್ಸು ತುಂಬಿತ್ತು. ಕಿಟಕಿಯ ಹೊರಗೆ ಕಪ್ಪು ಹೊಲಗಳು ದೂರದವರೆಗೆ ಹರಡಿಕೊಂಡಿದ್ದವು. ಊರಿನಿಂದ ನಮ್ಮವ್ವನ ಫೋನ್ ಬಂತು. ಕೊಳ್ಳೇಗಾಲದಲ್ಲಿ ಹೊಸ ಆಸ್ಪತ್ರೆ ತೆರೆದಿದ್ದಾರೆ, ನರ್ಸುಗಳು ಬೇಕಂತೆ, ತಮ್ಮ ವಿಚಾರಿಸಿಕೊಂಡು ಬಂದಿದ್ದಾನೆ, ಬಂದುಬಿಡು ಎನ್ನುತ್ತಿದ್ದಳು. ಆ ಮಾತಿಗಾಗಿ ನಾನು ಒಂದು ಕಾಲದಲ್ಲಿ ದಿನವೂ ಕಾದಿದ್ದೆ. ಈಗ ಹೊರಗಿನ ಹೊಲಗಳನ್ನೇ ನೋಡುತ್ತ ಕುಳಿತಿದ್ದಾಗ ಕಂಡಕ್ಟರ್ ಭುಜದ ಹತ್ತಿರ ನಿಂತು, "ಎಲ್ಲಿಗ್ರಿ?" ಎಂದ.

"ವಿಜಯಪುರ ಒಂದ ಕೊಡ್ರಿ. ಚಿಲ್ರಿ ಇಲ್ಲ ನೋಡ್ರಿ, ಇಳಿಯೂ ಮುಂದ ತಗೋತೇನಿ" ಎಂದೆ.

ಫೋನಿನ ಆಚೆ ಅವ್ವ ಮಾತು ನಿಲ್ಲಿಸಿದ್ದಳು.

"ಯಾರವ್ವ ಅದು, ಈಗ ಮಾತಾಡಿದ್ದು?"

"ನಾನೇ ಕಣವ್ವ" ಎಂದೆ.

"ನೀನಾ?" ಎಂದಳು. ಕಂಡಕ್ಟರ್ ಕೊಟ್ಟ ವಿಜಯಪುರದ ಟಿಕೆಟ್ಟನ್ನು ನಾನು ಮಡಚಿ ಮುಷ್ಟಿಯಲ್ಲಿ ಹಿಡಿದುಕೊಂಡೆ.